ಕಿಟಕಿ ಪಕ್ಕದ ಆಸ್ಪಿರಿನ್: ಮಲೆನಾಡಿನ ಒಂದು ಫಾರ್ಮಸಿ ತರಗತಿಯ ಪ್ರಕರಣ

ಶಿವಮೊಗ್ಗ ಜಿಲ್ಲೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಪಾಠ ಮಾಡಿದ ಒಂದು ಸೆಮಿಸ್ಟರಿನ ವಿವರ ಇದು. ಕಾಲೇಜಿನ ಹೆಸರು, ವರ್ಷ ಹೇಳುತ್ತಿಲ್ಲ. ವಿದ್ಯಾರ್ಥಿಗಳ ಹೆಸರೂ ಇಲ್ಲ. ಯಾರೆಂದು ಗುರುತು ಸಿಗುವಂಥ ಒಂದೆರಡು ಸಂಗತಿ ಬದಲಿಸಿದ್ದೇನೆ. ಮೆಡಿಸಿನಲ್ ಕೆಮಿಸ್ಟ್ರಿ ಕಲಿಸುವವರಿಗೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಕಲಿಸುವವರಿಗೆ ಇದು ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ನಾನು ಎಡವಿದ ಜಾಗಗಳನ್ನು ಬಿಟ್ಟಿಲ್ಲ.

ತರಗತಿ ಹೇಗಿತ್ತು

ಬಿ.ಫಾರ್ಮ್ ನಾಲ್ಕನೇ ಸೆಮಿಸ್ಟರ್. ಮೆಡಿಸಿನಲ್ ಕೆಮಿಸ್ಟ್ರಿ ಮಕ್ಕಳಿಗೆ ಮೊದಲ ಸಲ ಎದುರಾಗುವುದು ಇಲ್ಲೇ. ಅಲ್ಲಿಯವರೆಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿರುತ್ತಾರೆ. ಈಗ ಒಂದು ಔಷಧಿಯ ರಚನೆ ನೋಡಿ, ಅದು ದೇಹದಲ್ಲಿ ಏನು ಮಾಡುತ್ತದೆ, ಯಾಕೆ ಮಾಡುತ್ತದೆ ಅಂತ ಹೇಳಬೇಕು. ಪಟ್ಟಿ ಉದ್ದ. ನರಗಳ ಸಂದೇಶದ ಮೇಲೆ ಕೆಲಸ ಮಾಡುವ ಅಡ್ರಿನರ್ಜಿಕ್ ಮತ್ತು ಕೋಲಿನರ್ಜಿಕ್ ಔಷಧಿಗಳು, ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಅರಿವಳಿಕೆ, ಕೊನೆಯ ಯೂನಿಟ್‌ನಲ್ಲಿ ನೋವು ಮತ್ತು ಜ್ವರದ ಔಷಧಿಗಳು.

ಮಕ್ಕಳಲ್ಲಿ ಹೆಚ್ಚಿನವರು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯವರು. ಕೆಲವರು ಹಾಸ್ಟೆಲ್‌ನಲ್ಲಿದ್ದರು. ಉಳಿದವರು ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೆ ಓಡುವವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದವರು ಸಾಕಷ್ಟು ಜನ ಇದ್ದರು. ತುಂಬ ಒಳ್ಳೆಯ ಮಕ್ಕಳು. ಹಾಜರಾತಿ ಚೆನ್ನಾಗಿತ್ತು, ನೋಟ್ಸ್ ನೀಟಾಗಿತ್ತು. ಆದರೆ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. "ಅರ್ಥ ಆಯ್ತಾ?" ಅಂದರೆ "ಆಯ್ತು ಮೇಡಂ" ಅಂತ ಒಟ್ಟಿಗೆ ಹೇಳುತ್ತಿದ್ದರು. ಮುಂದಿನ ಬೆಂಚಿನ ನಾಲ್ಕೈದು ಜನ ಬಿಟ್ಟರೆ ಮಿಕ್ಕವರ ಧ್ವನಿ ಹೇಗಿದೆ ಅಂತಲೂ ನನಗೆ ಗೊತ್ತಿರಲಿಲ್ಲ.

ಸಮಸ್ಯೆ ಎಷ್ಟು ಆಳದಲ್ಲಿದೆ ಅಂತ ತಿಳಿದದ್ದು ಮೊದಲ ಸೆಷನಲ್‌ನಲ್ಲಿ, ಅಂದರೆ ಸೆಮಿಸ್ಟರಿನ ನಡುವೆ ಕಾಲೇಜೇ ಮಾಡುವ ಪರೀಕ್ಷೆಯಲ್ಲಿ. ಹೊಸನಗರ ಕಡೆಯ ಒಬ್ಬ ಹುಡುಗಿ ಬರೆದ ಒಂದು ರಚನೆ ನೋಡಿ ಪೆನ್ನು ಅಲ್ಲೇ ನಿಂತಿತು. ಚಿತ್ರ ಅಚ್ಚುಕಟ್ಟಾಗಿತ್ತು. ಸ್ಕೇಲ್ ಇಟ್ಟು ಎಳೆದಿದ್ದಳು. ಆದರೆ ಒಂದು ಕಾರ್ಬನ್‌ಗೆ ಐದು ಬಂಧ. ಕಾರ್ಬನ್‌ಗೆ ನಾಲ್ಕೇ ಅನ್ನುವುದು ಅವಳಿಗೆ ಹೈಸ್ಕೂಲಿನಿಂದ ಗೊತ್ತು. ಕೇಳಿದ್ದರೆ ತಕ್ಷಣ ಹೇಳುತ್ತಿದ್ದಳು. ಆದರೆ ಬರೆಯುವಾಗ ಅವಳ ಕಣ್ಣಿಗೆ ಕಾರ್ಬನ್ ಕಂಡೇ ಇರಲಿಲ್ಲ. ಚುಕ್ಕಿ ಎಣಿಸಿ ರಂಗೋಲಿ ಹಾಕಿದ ಹಾಗೆ ಗೆರೆಗಳನ್ನು ನೆನಪಿಟ್ಟುಕೊಂಡಿದ್ದಳು, ಒಂದು ಗೆರೆ ಜಾಸ್ತಿಯಾಗಿತ್ತು, ಅಷ್ಟೇ. ಉಳಿದ ಉತ್ತರ ಪತ್ರಿಕೆಗಳನ್ನು ಮತ್ತೆ ನೋಡಿದೆ. ಸರಿಯಾಗಿ ಬರೆದವರಲ್ಲೂ ಅರ್ಧ ಜನ ರಂಗೋಲಿಯನ್ನೇ ಹಾಕಿದ್ದರು.

ಇದಕ್ಕೆ ಅವರನ್ನು ದೂರುವಂತಿಲ್ಲ. ಯೂನಿವರ್ಸಿಟಿ ಪರೀಕ್ಷೆ 75 ಅಂಕಕ್ಕೆ, ಮೂರು ಗಂಟೆ. ಇಂಟರ್ನಲ್ 25. ರಚನೆ ನೆನಪಿದ್ದರೆ, ತಯಾರಿಸುವ ವಿಧಾನ ಬಾಯಿಪಾಠ ಬಂದರೆ ಪಾಸಾಗಬಹುದು. ನಾವು ಕೇಳುವುದು ಏನೋ, ಅವರು ಕಲಿಯುವುದು ಅದನ್ನೇ.

ಫಲ ಕೊಡದ ಎರಡು ಪ್ರಯತ್ನ

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸ್ಲೈಡ್ ಚೆಂದ ಮಾಡಿದೆ, ರಿಸೆಪ್ಟರ್‌ಗೆ (ಜೀವಕೋಶದಲ್ಲಿ ಔಷಧಿಯನ್ನು ಹಿಡಿಯುವ ಜಾಗ) ಔಷಧಿಯ ಅಣು ಹೋಗಿ ಕೂರುವ ಅನಿಮೇಷನ್ ತೋರಿಸಿದೆ, ಮೊಬೈಲಿನಲ್ಲಿ ಕ್ವಿಜ್ ಮಾಡಿಸಿದೆ. ಅನಿಮೇಷನ್ ಆಸಕ್ತಿಯಿಂದ ನೋಡಿದರು, ಆಮೇಲೆ ಪ್ರಶ್ನೆ ಕೇಳಿದರೆ ಮತ್ತೆ ಅದೇ ಮೌನ. ಕ್ವಿಜ್ ಅಂತೂ ಮಳೆ ಬಂದ ದಿನ ನೆಟ್‌ವರ್ಕ್ ಸಿಗದೆ ನಿಂತೇ ಹೋಗುತ್ತಿತ್ತು. ಸಿಕ್ಕ ದಿನವೂ ಪಕ್ಕದವರ ಮೊಬೈಲ್ ನೋಡಿ ಒತ್ತುತ್ತಿದ್ದರು.

ಎರಡನೆಯ ಪ್ರಯತ್ನದ ಮೇಲೆ ನನಗೆ ತುಂಬ ಭರವಸೆ ಇತ್ತು. ಕೋಲಿನರ್ಜಿಕ್ ಔಷಧಿಗಳ ಪಾಠಕ್ಕೆ ಅಡಿಕೆ ತಗೊಂಡು ಹೋದೆ. ತರಗತಿಯಲ್ಲಿ ಅರ್ಧಕ್ಕರ್ಧ ಅಡಿಕೆ ತೋಟದ ಮನೆಯ ಮಕ್ಕಳು. ಕೊನೆ ಇಳಿಸುವುದು, ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಚೊಗರು, ಎಲ್ಲ ನೋಡುತ್ತಲೇ ಬೆಳೆದವರು. ಅಡಿಕೆಯಲ್ಲಿರುವ ಅರೆಕೋಲಿನ್ ಒಂದು ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆದದ್ದು. ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೂರುವ ಮಸ್ಕರಿನಿಕ್ ರಿಸೆಪ್ಟರ್ ಮೇಲೆ ಇದೂ ಕೂರುತ್ತದೆ. ಎಲೆ ಅಡಿಕೆ ಬಾಯಿಗೆ ಹಾಕಿದರೆ ಜೊಲ್ಲು ಸುರಿಯಲು ಇದೂ ಒಂದು ಕಾರಣ. ಸುಣ್ಣ ಸೇರಿದಾಗ ಆ ಎಸ್ಟರ್ ಒಡೆದು ಅರೆಕೈಡಿನ್ ಆಗುತ್ತದೆ. ಅಡಿಕೆ ಜಗಿಯುವುದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಇದಿಷ್ಟನ್ನೂ ಹೇಳಿದೆ. ನಮ್ಮೂರಿನದೇ ವಿಷಯ, ಇನ್ನೇನು ಬೇಕು ಅಂದುಕೊಂಡಿದ್ದೆ.

ಐದು ನಿಮಿಷ ಮುಖಗಳು ಅರಳಿದವು. ಒಬ್ಬ ಹುಡುಗ ಅಡಿಕೆ ಕೈಗೆ ತಗೊಂಡು "ಇದು ಬೆಟ್ಟೆ ಮೇಡಂ, ರಾಶಿ ಅಲ್ಲ" ಅಂತ ತಿದ್ದಿದ. ಆ ಇಡೀ ಪೀರಿಯಡ್‌ನಲ್ಲಿ ಯಾರಾದರೂ ತಾವಾಗಿಯೇ ಮಾತಾಡಿದ್ದು ಅದೊಂದೇ. ಆಮೇಲೆ ನಾನು ಬೋರ್ಡಿಗೆ ತಿರುಗಿದೆ, ಅವರು ನೋಟ್ಸಿಗೆ ತಿರುಗಿದರು.

ಆ ರಾತ್ರಿ ಬಹಳ ಹೊತ್ತು ಯೋಚನೆ ಮಾಡಿದೆ. ಅಡಿಕೆ ಯಾಕೆ ಸೋತಿತು? ಆ ಹುಡುಗ ಬಾಯಿ ಬಿಟ್ಟಿದ್ದು ನನಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿದ್ದ ಒಂದೇ ಜಾಗದಲ್ಲಿ. ಉಳಿದದ್ದೆಲ್ಲ ನಾನೇ ಕಟ್ಟಿ ತಂದ ಬುತ್ತಿ. ಬೆಂಜೀನ್ ಬದಲು ಅಡಿಕೆ ಇಟ್ಟಿದ್ದೆ, ಅಷ್ಟು ಬಿಟ್ಟರೆ ಪಾಠ ಎಂದಿನದೇ. ಉತ್ತರ ಮೊದಲೇ ನನ್ನ ಜೇಬಿನಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಹಾಗಿದ್ದ ಮೇಲೆ ಅವರು ಯಾಕೆ ತಲೆ ಕೆಡಿಸಿಕೊಳ್ಳಬೇಕು, ಅಲ್ವಾ?

ಚೀಟಿ

ಕೋವಿಡ್ ನಂತರ ಸೆಮಿಸ್ಟರ್ ದಿನಗಳು ಹಿಂದೆಮುಂದೆ ಆಗಿ, ಆ ವರ್ಷ ನಾಲ್ಕನೇ ಸೆಮಿಸ್ಟರ್ ಮಳೆಗಾಲಕ್ಕೆ ಬಂದಿತ್ತು. ಮಲೆನಾಡಿನ ಮಳೆಗಾಲ ಗೊತ್ತಲ್ಲ. ಭರಣಿಯ ಉಪ್ಪು ನೀರಾಗುತ್ತದೆ, ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ, ಬೆಂಕಿಪೊಟ್ಟಣವನ್ನು ಒಲೆಯ ಹತ್ತಿರ ಇಡದಿದ್ದರೆ ಕಡ್ಡಿ ಹತ್ತುವುದಿಲ್ಲ. ಲ್ಯಾಬಿನಲ್ಲಿ ನೀಲಿ ಸಿಲಿಕಾ ಜೆಲ್ ಎರಡೇ ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿರುವುದನ್ನು ನೋಡಿದಾಗ ನನಗೆ ಒಂದು ಯೋಚನೆ ಹೊಳೆಯಿತು. ಈ ತೇವವನ್ನೇ ಬಳಸಿಕೊಂಡರೆ?

ಮಾರನೇ ದಿನ ಪಾಠ ಶುರು ಮಾಡುವ ಮೊದಲೇ ಒಂದು ಆಸ್ಪಿರಿನ್ ಮಾತ್ರೆ ಮೇಜಿನ ಮೇಲಿಟ್ಟೆ. "ಇದನ್ನು ಪುಡಿ ಮಾಡಿ ಈ ಕಿಟಕಿ ಪಕ್ಕ ಐದು ವಾರ ತೆರೆದಿಟ್ಟರೆ ಏನಾಗುತ್ತೆ? ಒಂದು ಚೀಟಿಯಲ್ಲಿ ಬರೆದುಕೊಡಿ. ಹೆಸರು ಬೇಡ. 'ಗೊತ್ತಿಲ್ಲ' ಅಂತ ಬರೆಯಬೇಡಿ, ಅನಿಸಿದ್ದು ಬರೆಯಿರಿ" ಅಂದೆ. ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಚೀಟಿ ಕೂಡಿಸಿದೆ.

ಸ್ಟಾಫ್ ರೂಮಿಗೆ ಬಂದು ಬಿಚ್ಚಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಚೀಟಿ ಕನ್ನಡದಲ್ಲಿದ್ದವು. ಯಾವ ಭಾಷೆಯಲ್ಲಿ ಬರೆಯಬೇಕು ಅಂತ ನಾನು ಹೇಳಿರಲಿಲ್ಲ. "ಉಪ್ಪಿನ ಹಾಗೆ ನೀರು ಬಿಡುತ್ತೆ." "ಬೂಸ್ಟು ಬರುತ್ತೆ." "ಪವರ್ ಹೋಗುತ್ತೆ, ಆದರೆ ನೋಡೋಕೆ ಹಾಗೇ ಇರುತ್ತೆ." ಈ ಕೊನೆಯದನ್ನು ಎರಡು ಸಲ ಓದಿದೆ. ಔಷಧಿ ಹಾಳಾಗುವುದರ ಬಗ್ಗೆ ಇದಕ್ಕಿಂತ ಒಳ್ಳೆಯ ವಾಕ್ಯ ನಾನು ತರಗತಿಯಲ್ಲಿ ಹೇಳಿಲ್ಲ. ಅದನ್ನು ಬರೆದವರು ಒಂದು ದಿನವೂ ಕೈ ಎತ್ತಿರಲಿಲ್ಲ. ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತು ಒಂದು ತೀರ್ಮಾನ ಮಾಡಿದೆ. ಯೋಚನೆ ಕನ್ನಡದಲ್ಲಿ, ಪರೀಕ್ಷೆಗೆ ಬರೆಯುವುದು ಇಂಗ್ಲಿಷಿನಲ್ಲಿ. ಗುಂಪಿನಲ್ಲಿ ಚರ್ಚೆ ಮಾಡುವಾಗ ಯಾವ ಭಾಷೆಯಾದರೂ ಸರಿ. ಎಸ್ಟರ್, ಅಮೈಡ್ (ಆಮ್ಲ ಮತ್ತು ನೈಟ್ರೋಜನ್ ಇರುವ ಅಮೈನ್ ಸೇರಿ ಆದದ್ದು), ಹೈಡ್ರಾಲಿಸಿಸ್ (ನೀರಿನಿಂದ ಒಡೆಯುವುದು) ಅನ್ನುವ ಪದಗಳು ಹಾಗೇ ಇರಲಿ, ಅವುಗಳ ಸುತ್ತ ಇರುವ ಮಾತು ಮನೆಯ ಮಾತಾಗಲಿ. ಪೀರಿಯಡ್‌ನ ಕೊನೆಯ ಹತ್ತು ನಿಮಿಷ ಅದೇ ವಿಷಯವನ್ನು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕು. ಒಬ್ಬ ಹಿರಿಯ ಸಹೋದ್ಯೋಗಿ ಇದು ಸರಿಯಲ್ಲ ಅಂದರು, ಮಕ್ಕಳಿಗೆ ಮುಂದೆ ಕಷ್ಟವಾಗುತ್ತದೆ ಅಂತ. ಅವರ ಕಾಳಜಿ ಸುಳ್ಳಲ್ಲ. ಆದರೆ ಯೋಚನೆಯೇ ಹುಟ್ಟದಿದ್ದರೆ ಇಂಗ್ಲಿಷಿನಲ್ಲಿ ಬರೆಯುವುದಾದರೂ ಏನನ್ನು?

ಕಿಟಕಿಯ ಬಟ್ಟಲುಗಳು

ತರಗತಿಯನ್ನು ಗುಂಪು ಮಾಡಿದೆ. ಮಾತ್ರೆಯನ್ನು ಹೇಗೆ ಇಡಬೇಕು ಅನ್ನುವುದನ್ನು ಆಯಾ ಗುಂಪೇ ತೀರ್ಮಾನಿಸಬೇಕು. ಒಂದು ಗುಂಪು ಪುಡಿ ಮಾಡಿ ವಾಚ್ ಗ್ಲಾಸಿನಲ್ಲಿ ಕಿಟಕಿ ಪಕ್ಕ ತೆರೆದಿಟ್ಟಿತು. ಇನ್ನೊಂದು ಗುಂಪು ಪುಡಿಯ ಜೊತೆ ಒದ್ದೆ ಹತ್ತಿ ಇಟ್ಟು ಬಾಟಲಿಯ ಬಿರಟೆ ಮುಚ್ಚಿತು. ಒಂದು ಗುಂಪಿನ ಪುಡಿ ತೇವ ತಾಗದ ಪಾತ್ರೆಯಾದ ಡೆಸಿಕೇಟರ್ ಒಳಗೆ ಹೋಯಿತು. ಒಬ್ಬ ಹುಡುಗಿ ಮನೆಯಿಂದ ಅಡುಗೆ ಸೋಡಾ ತಂದು ಪುಡಿಗೆ ಬೆರೆಸಿ ನಾಲ್ಕು ಹನಿ ನೀರು ಹಾಕಿದಳು. ಯಾಕಮ್ಮಾ ಅಂದರೆ, "ಕಡಲೆ ಬೇಗ ಬೇಯುತ್ತಲ್ಲ ಮೇಡಂ" ಅಂದಳು.

ಕೊನೆಗೆ ಪರೀಕ್ಷೆ ಹೇಗೆ ಮಾಡುವುದು? ಪುಡಿಯನ್ನು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಿ ಒಂದು ಹನಿ ಫೆರಿಕ್ ಕ್ಲೋರೈಡ್. ಆಸ್ಪಿರಿನ್ ನೀರಿನ ಜೊತೆ ಒಡೆದರೆ ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಬರುತ್ತವೆ. ಸ್ಯಾಲಿಸಿಲಿಕ್ ಆಮ್ಲದಲ್ಲಿರುವ ಫೀನಾಲ್‌ಗೆ (ಬೆಂಜೀನ್ ಉಂಗುರಕ್ಕೆ ಅಂಟಿದ OH ಗುಂಪು) ಫೆರಿಕ್ ಕ್ಲೋರೈಡ್ ತಾಗಿದರೆ ನೇರಳೆ ಬಣ್ಣ. ಆಸ್ಪಿರಿನ್‌ನಲ್ಲಿ ಆ ಫೀನಾಲ್ ಅಸಿಟೈಲ್‌ನ ಮುಸುಕಿನ ಒಳಗಿದೆ, ಹಾಗಾಗಿ ಬಣ್ಣ ಬರುವುದಿಲ್ಲ. ಇಷ್ಟು ಅವರಿಗೆ ಮೊದಲೇ ಗೊತ್ತಿತ್ತು.

ಈಗ ಈ ಪ್ರಕರಣದ ಮುಖ್ಯ ಘಟ್ಟ. ಮನೆಯವರ ಮೆಡಿಕಲ್ ಶಾಪ್ ಇರುವ ಒಬ್ಬ ಹುಡುಗ ಎದ್ದು, "ಮೇಡಂ, ಹೋಲಿಸಿ ನೋಡೋಕೆ ಒಂದು ಒಡೆಯದ ಮಾತ್ರೆಯೂ ಬೇಕಲ್ವಾ? ಪ್ಯಾರಾಸಿಟಮಾಲ್ ಇಡೋಣ. ಅದು ಅಮೈಡ್. ನೀರಿಗೆ ಸುಲಭಕ್ಕೆ ಒಡೆಯಲ್ಲ. ಬಣ್ಣ ಬರಲ್ಲ" ಅಂದ. ತರಗತಿ ಒಪ್ಪಿತು.

ಕೆಮಿಸ್ಟ್ರಿ ಗೊತ್ತಿರುವವರಿಗೆ ತಕ್ಷಣ ಹೊಳೆದಿರುತ್ತದೆ. ಪ್ಯಾರಾಸಿಟಮಾಲ್ ಒಡೆಯುವುದಿಲ್ಲ ಅನ್ನುವುದು ಸರಿ. ಆದರೆ ಅದರಲ್ಲಿ ಫೀನಾಲ್ ಮುಸುಕಿಲ್ಲದೆ ಹಾಗೇ ಇದೆ. ಅಸಿಟೈಲ್ ಕೂತಿರುವುದು ನೈಟ್ರೋಜನ್ ಮೇಲೆ. ಫೆರಿಕ್ ಕ್ಲೋರೈಡ್ ಹಾಕಿದರೆ ಹೊಸ ಮಾತ್ರೆಯೂ ನೀಲಿ ನೇರಳೆಗೆ ತಿರುಗುತ್ತದೆ. ಅಂದರೆ ಹುಡುಗನ ತರ್ಕದಲ್ಲಿ ಅರ್ಧ ಸರಿ, ಅರ್ಧ ತಪ್ಪು.

ನಾಲಿಗೆ ತುದಿಗೆ ಬಂದಿತ್ತು. ಎಷ್ಟೋ ವರ್ಷಗಳಿಂದ ನಾನು ಮಾಡುತ್ತಿದ್ದದ್ದೇ ಅದು: ತಪ್ಪು ಕಂಡ ಕೂಡಲೇ ತಿದ್ದುವುದು. ಅವತ್ತು ತಡೆದುಕೊಂಡೆ. ಆದರೆ ಒಂದು ಭಯ ಇತ್ತು. ಈ ಹುಡುಗ ಮೊದಲ ಸಲ ಎದ್ದು ನಿಂತು ಮಾತಾಡಿದ್ದಾನೆ. ಐದು ವಾರ ಬಿಟ್ಟು ಎಲ್ಲರೆದುರು ಅವನ ಮಾತು ಸುಳ್ಳಾದರೆ ಮತ್ತೆ ಬಾಯಿ ಬಿಡುತ್ತಾನಾ? ಅದಕ್ಕೆ ಒಂದು ಉಪಾಯ ಮಾಡಿದೆ. ಪ್ಯಾರಾಸಿಟಮಾಲ್‌ಗೆ ಬಣ್ಣ ಬರುತ್ತಾ, ಇಲ್ವಾ ಅಂತ ಎಲ್ಲರಿಂದಲೂ ಚೀಟಿ ಬರೆಸಿದೆ, ಕಾರಣದ ಸಮೇತ. ಇಬ್ಬರನ್ನು ಬಿಟ್ಟು ಎಲ್ಲರೂ ಬರಲ್ಲ ಅಂತಲೇ ಬರೆದರು. ಮುಂದಿನ ಬೆಂಚಿನವರೂ ಸೇರಿ. ಈಗ ತಪ್ಪು ಒಬ್ಬನದಲ್ಲ, ಇಡೀ ತರಗತಿಯದು.

ಹಾಗೆ ಸುಮ್ಮನಿದ್ದದ್ದೇ ಆ ಸೆಮಿಸ್ಟರಿನಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ.

ಬಣ್ಣ ಬಂದ ದಿನ

ಐದನೇ ವಾರದ ಗುರುವಾರ ಮಧ್ಯಾಹ್ನ. ಹೊರಗೆ ಧಾರಾಕಾರ ಮಳೆ, ಲ್ಯಾಬಿನಲ್ಲಿ ಹಗಲಲ್ಲೇ ಲೈಟ್ ಹಾಕಿದ್ದೆವು. ಒದ್ದೆ ಹತ್ತಿಯ ಬಾಟಲಿಯ ಬಿರಟೆ ತೆಗೆದ ಹುಡುಗಿ ಮೂಗಿನ ಹತ್ತಿರ ಕೈ ಬೀಸಿಕೊಂಡು "ಗೋಬಿ ಮಂಚೂರಿ ಗಾಡಿ ವಾಸನೆ!" ಅಂದಳು. ವಿನೆಗರ್. ಅಸಿಟಿಕ್ ಆಮ್ಲ. ಎಲ್ಲರೂ ಸಾಲಾಗಿ ಬಂದು ಮೂಸಿದರು.

ಟೆಸ್ಟ್ ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿದರು. ಡೆಸಿಕೇಟರಿನ ಪುಡಿ ಫೆರಿಕ್ ಕ್ಲೋರೈಡಿನ ತೆಳು ಹಳದಿಯಲ್ಲೇ ಉಳಿಯಿತು, ನೇರಳೆಯ ಸುಳಿವು ಸ್ವಲ್ಪ. ಕಿಟಕಿಯ ಪುಡಿ ಸ್ಪಷ್ಟವಾಗಿ ನೇರಳೆ. ಬಾಟಲಿಯದು ನೇರಳೆ ಹಣ್ಣು ಹಿಂಡಿದ ಹಾಗೆ ಗಾಢ. ಸೋಡಾ ಹಾಕಿದ್ದರಲ್ಲಿ ಮಾತ್ರ ನೇರಳೆ ಬರದೆ ಕಂದು ಗಸಿ ಕೂತಿತು. ಆ ಗುಂಪು ಸಪ್ಪೆಯಾಯಿತು. ಸೋಡಾ ಇನ್ನೂ ಉಳಿದಿದೆ, ಅದು ಫೆರಿಕ್ ಕ್ಲೋರೈಡಿನ ಕಬ್ಬಿಣವನ್ನೇ ಹೈಡ್ರಾಕ್ಸೈಡ್ ಮಾಡಿ ಕೆಳಗಿಳಿಸುತ್ತಿದೆ, ಮೊದಲು ಸ್ವಲ್ಪ ಆಮ್ಲ ಹಾಕಿ ಅಂತ ಅಷ್ಟು ಮಾತ್ರ ಹೇಳಿದೆ. ಇನ್ನೊಂದು ಸಲ ಮಾಡಿದಾಗ ಎಲ್ಲಕ್ಕಿಂತ ಗಾಢ ಬಣ್ಣ ಅವರದೇ.

ಆಮೇಲೆ ಪ್ಯಾರಾಸಿಟಮಾಲ್. ಒಂದು ಹನಿ ಬಿದ್ದದ್ದೇ ತಡ, ನೀಲಿ ನೇರಳೆ.

"ಏ, ಒಡೀತು ಕಣೋ!"

"ಅಮೈಡ್ ಹೆಂಗೆ ಒಡೆಯುತ್ತೆ ಮಾರಾಯ? ಐದೇ ವಾರಕ್ಕೆ?"

"ಮಳೆ ಜಾಸ್ತಿ ಇತ್ತಲ್ಲ."

"ಮಳೆಗೂ ಅದಕ್ಕೂ ಏನು ಸಂಬಂಧ? ಮೇಡಂ, ಪುಸ್ತಕದಲ್ಲಿ ತಪ್ಪಿದೆಯಾ?"

ಆ ಹತ್ತು ನಿಮಿಷ ಲ್ಯಾಬಿನಲ್ಲಿದ್ದ ಗಲಾಟೆಯನ್ನು ನಾನು ಮರೆಯುವುದಿಲ್ಲ. ಧ್ವನಿಯೇ ಕೇಳದಿದ್ದ ಮಕ್ಕಳು ಜಗಳಕ್ಕೆ ನಿಂತಿದ್ದರು. ಮೆಡಿಕಲ್ ಶಾಪಿನ ಹುಡುಗ ಟ್ಯೂಬನ್ನು ಬೆಳಕಿಗೆ ಹಿಡಿದು ಏನೂ ಮಾತಾಡದೆ ನೋಡುತ್ತಿದ್ದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಕಿಟಕಿ ಕಡೆ ನೋಡಿದೆ.

ಆಗ ಹೊಸನಗರ ಕಡೆಯ ಆ ಹುಡುಗಿ, ಕಾರ್ಬನ್‌ಗೆ ಐದು ಬಂಧ ಎಳೆದವಳು, ಮೆಲ್ಲಗೆ "ಈಗ ಸ್ಟ್ರಿಪ್‌ನಿಂದ ಬಿಚ್ಚಿದ ಹೊಸ ಮಾತ್ರೆ ಒಂದನ್ನ ನೋಡೋಣ" ಅಂದಳು. ನೋಡಿದರು. ಅದೇ ಬಣ್ಣ. ಗಲಾಟೆ ನಿಂತಿತು. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡೂ ರಚನೆ ಪಕ್ಕಪಕ್ಕ ಬರೆದಳು. ಈ ಸಲ ಸ್ಕೇಲ್ ಇಲ್ಲ, ಗೆರೆಗಳು ವಾರೆಕೋರೆ. ಬೆರಳು ಒಂದೊಂದೇ ಗುಂಪಿನ ಮೇಲೆ ಹೋಗಿ ಪ್ಯಾರಾಸಿಟಮಾಲ್‌ನ ಕೆಳತುದಿಯಲ್ಲಿ ನಿಂತಿತು.

"ಮೇಡಂ, ಇದು ಒಡೆದು ಬಂದ ಫೀನಾಲ್ ಅಲ್ಲ. ಮೊದಲೇ ಇತ್ತು. ಇದಕ್ಕೆ ಮುಸುಕೇ ಇಲ್ಲ."

ನಾನು ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದರೆ ಪ್ಯಾರಾಸಿಟಮಾಲ್ ಒಡೆದಿದೆಯೋ ಇಲ್ಲವೋ ಅಂತ ಈ ಪರೀಕ್ಷೆಯಿಂದ ಹೇಳೋಕೆ ಬರುತ್ತಾ?"

ಇದಕ್ಕೆ ಉತ್ತರ ಕೊಟ್ಟವನು ಮೆಡಿಕಲ್ ಶಾಪಿನ ಹುಡುಗ. "ಬರಲ್ಲ ಮೇಡಂ. ಒಡೆದರೆ ಹುಟ್ಟುವ ಇನ್ನೊಂದು ತುಂಡನ್ನ ಹುಡುಕಬೇಕು. ಅಮೈನೋಫೀನಾಲ್." ಎರಡು ದಿನ ಬಿಟ್ಟು ಅದನ್ನೂ ನೋಡಿದೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಒಡೆದ ಪ್ಯಾರಾಸಿಟಮಾಲ್‌ಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಹನಿ ಹಾಕಿದರೆ ನೇರಳೆ ಬಂತು. ಕುದಿಸದೆ ಇಟ್ಟ ಕಿಟಕಿಯ ಪುಡಿಗೆ ಬರಲಿಲ್ಲ. ಡೈಕ್ರೋಮೇಟ್ ವಿಷ, ಅದನ್ನು ನಾನೇ ಹಾಕಿದೆ. ಅಮೈಡ್ ಒಡೆದಿರಲಿಲ್ಲ. ಅವನ ಮೊದಲ ಮಾತಿನ ಸರಿಯಿದ್ದ ಅರ್ಧ ಅವನಿಗೆ ವಾಪಸ್ ಸಿಕ್ಕಿತು.

ಅದರ ಮೇಲೆ ಕಟ್ಟಿದ ಪಾಠ

ಮುಂದಿನ ವಾರ ನಾನು ಉಪನ್ಯಾಸವನ್ನೇ ಕೊಟ್ಟೆ. ಪೂರ್ತಿ ಒಂದು ಗಂಟೆ, ಬೋರ್ಡ್ ಮತ್ತು ಸೀಮೆಸುಣ್ಣ. ಉಪನ್ಯಾಸ ಬೇಡವೇ ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೇಳಬೇಕು ಅಂತ ಹಸಿವಾಗಿರುವ ಹೊತ್ತಿಗೆ ಕೊಟ್ಟರೆ ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಆಸ್ಪಿರಿನ್‌ನ ಎಸ್ಟರ್ ಯಾಕೆ ಇಷ್ಟು ಸಡಿಲ? ಪಕ್ಕದಲ್ಲೇ ಕೂತ ಕಾರ್ಬಾಕ್ಸಿಲೇಟ್ (ಆಮ್ಲದ ಗುಂಪು) ನೀರಿನ ಅಣುವಿಗೆ ಎಸ್ಟರ್ ಮೇಲೆ ಬೀಳಲು ಸಹಾಯ ಮಾಡುತ್ತದೆ. ಅಮೈಡಿನಲ್ಲಿ ನೈಟ್ರೋಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕಾರ್ಬೊನಿಲ್ ಕಡೆ ನೀಡಿ ಆ ಬಂಧವನ್ನು ಬಿಗಿ ಮಾಡುತ್ತದೆ. ಇಲ್ಲಿಂದ ದೇಹದೊಳಗೆ ಹೋದೆ. ಕಿಟಕಿ ಪಕ್ಕ ನೀರಿಗೆ ಕೊಟ್ಟ ಆ ಸಡಿಲ ಅಸಿಟೈಲ್ ಗುಂಪನ್ನೇ ಆಸ್ಪಿರಿನ್ ದೇಹದಲ್ಲಿ, ರಕ್ತ ಹೆಪ್ಪುಗಟ್ಟಲೂ ನೆರವಾಗುವ ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವದ ಸೆರಿನ್ ಎಂಬ ಒಂದು ಅಮೈನೋ ಆಮ್ಲಕ್ಕೆ ಅಂಟಿಸುತ್ತದೆ. ಅಂಟಿದ್ದು ಬಿಡುವುದಿಲ್ಲ. ರಕ್ತದ ಪ್ಲೇಟ್‌ಲೆಟ್‌ಗಳಿಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಿಣ್ವ ತಯಾರಿಸಲು ಬರುವುದಿಲ್ಲ. ಹಾಗಾಗಿ ಆ ಪ್ಲೇಟ್‌ಲೆಟ್ ಬದುಕಿರುವ 7ರಿಂದ 10 ದಿನವೂ ಅದರ ಪರಿಣಾಮ ಇರುತ್ತದೆ. ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಹೃದಯದ ರೋಗಿಗೆ ಅದೇ ಬೇಕು. ರಕ್ತಸ್ರಾವದ ಜ್ವರ ಬಂದವರಿಗೆ ಅದೇ ಅಪಾಯ.

ಇಲ್ಲಿ ಸೊರಬ ಕಡೆಯ ಒಬ್ಬ ಹುಡುಗ ಕೈ ಎತ್ತಿದ. "ನಮ್ಮೂರಲ್ಲಿ ಮಂಗನ ಕಾಯಿಲೆ ಬಂದಾಗ ಆಸ್ಪತ್ರೆಯವರು ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ತಗೊಳ್ಳಿ, ಬೇರೆ ನೋವಿನ ಮಾತ್ರೆ ನುಂಗಬೇಡಿ ಅಂದಿದ್ರು ಮೇಡಂ. ಇದೇ ಕಾರಣಕ್ಕಾ?" ಇದೇ ಕಾರಣಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ಉಣುಗಿನಿಂದ ಹರಡುತ್ತದೆ, ಕೆಲವರಿಗೆ ರಕ್ತಸ್ರಾವ ಆಗುತ್ತದೆ, ಅದಕ್ಕೇ ಅಂತ ಬೇರೆ ಔಷಧಿ ಇಲ್ಲ. ಅವನ ಅಜ್ಜಿಗೆ ಆ ಜ್ವರ ಬಂದು ವಾಸಿಯಾಗಿತ್ತಂತೆ. ಅವನು ಅದನ್ನು ಹೇಳುವಾಗ ತರಗತಿ ಬೇರೆ ಥರದ ಮೌನದಲ್ಲಿತ್ತು.

ಮಂಗನ ಕಾಯಿಲೆಯೂ ಅಡಿಕೆಯಷ್ಟೇ ನಮ್ಮೂರಿನದು. ಆದರೆ ಇದನ್ನು ತಂದವಳು ನಾನಲ್ಲ. ಕಿಟಕಿ ಪಕ್ಕದ ಪುಡಿಯಿಂದ ಇಲ್ಲಿಗೆ ದಾರಿ ಹುಡುಕಿಕೊಂಡು ಬಂದವನು ಅವನು.

ಏನು ಸಿಕ್ಕಿತು, ಏನು ಸಿಗಲಿಲ್ಲ

ಫಲಿತಾಂಶ ಏನೂ ಅದ್ಭುತವಾಗಿ ಏರಲಿಲ್ಲ. ಆದರೆ ಎರಡನೇ ಸೆಷನಲ್‌ನಲ್ಲಿ ಉತ್ತರಗಳ ರೀತಿ ಬದಲಾಗಿತ್ತು. "ಯಾಕೆ" ಅಂತ ಕೇಳಿದ ಪ್ರಶ್ನೆಯನ್ನು ಹಿಂದೆ ಹೆಚ್ಚಿನವರು ಬಿಟ್ಟುಬಿಡುತ್ತಿದ್ದರು. ಈ ಸಲ ಬರೆದಿದ್ದರು. ವ್ಯಾಕರಣ ತಪ್ಪಿದ ಇಂಗ್ಲಿಷಿನಲ್ಲೇ ಸರಿ, ಕಾರಣ ಕೊಟ್ಟಿದ್ದರು. ರಚನೆಯಲ್ಲಿ ತಪ್ಪಿದ್ದರೂ ಪಕ್ಕದಲ್ಲಿ ಹೊಡೆದು ತಿದ್ದಿಕೊಂಡ ಗುರುತುಗಳಿದ್ದವು. ಆ ತಿದ್ದುಗಳನ್ನು ಕಂಡು ನನಗೆ ತುಂಬ ಸಂತೋಷವಾಯಿತು.

ಬಾಯಿ ಬಿಡದವರು ಆಮೇಲೂ ಕೆಲವರು ಉಳಿದರು. ಚೀಟಿಯಲ್ಲಿ ಚೆನ್ನಾಗಿ ಬರೆಯುತ್ತಿದ್ದರು, ಎದ್ದು ನಿಲ್ಲುತ್ತಿರಲಿಲ್ಲ. ಅವರನ್ನು ಒತ್ತಾಯ ಮಾಡಬಾರದು ಅಂತ ನಿಧಾನಕ್ಕೆ ಅರ್ಥವಾಯಿತು. ಚೀಟಿಯೂ ಮಾತೇ.

ಇನ್ನೊಂದು ದೂರು ಬಂತು, ಅದರಲ್ಲಿ ನ್ಯಾಯವಿತ್ತು. ತರಗತಿಗೇ ಮೊದಲ ಸ್ಥಾನದಲ್ಲಿದ್ದ ಒಬ್ಬ ಹುಡುಗಿ ಜಿಪ್ಯಾಟ್‌ಗೆ, ಅಂದರೆ ಎಂ.ಫಾರ್ಮ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. "ಮೇಡಂ, ನನಗೆ ಇದು ನಿಧಾನ ಅನಿಸುತ್ತೆ. ಪ್ಯಾರಾಸಿಟಮಾಲ್ ವಿಷಯ ನನಗೆ ಅವತ್ತೇ ಗೊತ್ತಿತ್ತು. ಚೀಟಿಯಲ್ಲಿ ಬರೆದಿದ್ದೆ" ಅಂದಳು. ಇಬ್ಬರಲ್ಲಿ ಒಬ್ಬಳು ಅವಳು. ಐದು ವಾರ ಅವಳು ಉತ್ತರ ಗೊತ್ತಿದ್ದೂ ಸುಮ್ಮನೆ ಕೂತಿದ್ದಳು, ನನ್ನ ಹಾಗೆಯೇ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಆಮೇಲೆ ಮುಂದಿನ ಪ್ರಶ್ನೆಗಳನ್ನು ತಯಾರಿಸುವ ಕೆಲಸ ಅವಳಿಗೆ ಕೊಟ್ಟೆ: ಎಲ್ಲರೂ ತಪ್ಪು ಉತ್ತರ ಕೊಡಬಹುದಾದ, ಆದರೆ ಯೋಚಿಸಿದರೆ ಬಿಡಿಸಬಹುದಾದ ಪ್ರಶ್ನೆ. ಅದು ಜಿಪ್ಯಾಟ್‌ಗಿಂತ ಕಷ್ಟ ಅಂತ ಎರಡು ವಾರ ಬಿಟ್ಟು ಅವಳೇ ಹೇಳಿದಳು. ಇದನ್ನು ಮೊದಲೇ ಮಾಡಬೇಕಿತ್ತು.

ಪೋರ್ಷನ್ ವಿಷಯ. "ಪೋರ್ಷನ್ ಮುಗಿಯುತ್ತಾ?" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. ಸುಲಭಕ್ಕೆ ಮುಗಿಯಲಿಲ್ಲ. ಎರಡು ಶನಿವಾರ ಹೆಚ್ಚಿನ ತರಗತಿ ತಗೊಂಡೆ, ಅರಿವಳಿಕೆ ಔಷಧಿಗಳನ್ನು ಓಡಿಸಿಕೊಂಡು ಹೋದೆ. ಒಂದು ಸೆಮಿಸ್ಟರಿಗೆ ಇಂಥ ಪಾಠ ಎರಡು, ಜಾಸ್ತಿ ಅಂದರೆ ಮೂರು ಸಾಕು. ಎಲ್ಲ ಯೂನಿಟ್‌ಗೂ ಮಾಡಲು ಹೊರಟರೆ ಮಕ್ಕಳಿಗೂ ದಣಿವು, ನಮಗೂ ದಣಿವು.

ಅಂಕದ ಮಾತು ಹೇಳಿಬಿಡುತ್ತೇನೆ, ಹೊಸದಾಗಿ ಕೆಲಸಕ್ಕೆ ಸೇರಿದವರು ಯಾವಾಗಲೂ ಕೇಳುತ್ತಾರೆ. ಇಂಟರ್ನಲ್ 25ರಲ್ಲಿ 10 ಅಂಕ ನಿರಂತರ ಮೌಲ್ಯಮಾಪನಕ್ಕೆ. ಅದರಲ್ಲಿ ಹಾಜರಾತಿಗೆ 4, ಕ್ವಿಜ್, ಅಸೈನ್‌ಮೆಂಟ್, ಗುಂಪು ಚರ್ಚೆಯಂಥ ಚಟುವಟಿಕೆಗೆ 3, ವಿದ್ಯಾರ್ಥಿ ಮತ್ತು ಶಿಕ್ಷಕರ ಒಡನಾಟಕ್ಕೆ 3. ಆ ಚಟುವಟಿಕೆಯ 3 ಅಂಕವನ್ನು ಇದಕ್ಕೆ ಬಳಸಿದೆ. ಊಹೆ ಸರಿಯಾದದ್ದಕ್ಕೆ ಅಂಕ ಇಲ್ಲ. ಊಹೆಗೆ ಕಾರಣ ಬರೆದದ್ದಕ್ಕೆ, ಆಮೇಲೆ ಅದು ಎಲ್ಲಿ ತಪ್ಪಿತು ಅಂತ ಎರಡು ಸಾಲು ಬರೆದದ್ದಕ್ಕೆ ಅಂಕ. ಹೆಸರಿಲ್ಲದ ಚೀಟಿಗೆ ಅಂಕ ಹೇಗೆ ಕೊಡುತ್ತೀರಿ ಅಂತ ಕೇಳಬಹುದು. ಚೀಟಿಗೆ ಹೆಸರಿಲ್ಲ, ತಪ್ಪನ್ನು ತಿದ್ದಿಕೊಂಡ ಬರಹ ನೋಟ್‌ಬುಕ್ಕಿನಲ್ಲಿರುತ್ತದೆ, ಅದಕ್ಕೆ ಹೆಸರಿದೆ.

ಈ ಪ್ರಕರಣದಿಂದ ನಾನು ಹಿಡಿದುಕೊಂಡದ್ದು ಮುಖ್ಯವಾಗಿ ಒಂದು. ನಮ್ಮ ಮಕ್ಕಳ ಬಾಯಿ ಕಟ್ಟಿದ್ದು ಕೆಮಿಸ್ಟ್ರಿಯ ಕಷ್ಟವಲ್ಲ, ಒಬ್ಬರೇ ತಪ್ಪಾಗಿಬಿಡುವ ಭಯ. ಒಟ್ಟಿಗೆ ತಪ್ಪಾಗಲು ಒಂದು ಜಾಗ ಸಿಕ್ಕಿದಾಗ ಅವರು ಮಾತಾಡಿದರು. ಬೇರೆಯವರು ಇದೇ ಪ್ರಯೋಗ ಮಾಡುವುದಾದರೆ ಪ್ಯಾರಾಸಿಟಮಾಲ್ ಇಡುವುದನ್ನು ಮಾತ್ರ ಬಿಡಬೇಡಿ. ಆಸ್ಪಿರಿನ್ ಬಣ್ಣ ತಿರುಗುವುದು ಚೆಂದ, ಆದರೆ ಅದರಷ್ಟಕ್ಕೇ ಇನ್ನೊಂದು ಪ್ರಾಕ್ಟಿಕಲ್ ಅಷ್ಟೇ ಆಗಿಬಿಡುತ್ತದೆ. ಬಿಸಿಲು ಸೀಮೆಯವರು ಒದ್ದೆ ಹತ್ತಿಯ ಬಾಟಲಿ ಇಟ್ಟುಕೊಂಡರೆ ಸಾಕು. ಬಣ್ಣ ಇರುವ ಮಾತ್ರೆ ಬೇಡ. ಕರುಳಿನಲ್ಲಿ ಕರಗುವ ಲೇಪನ ಇರುವ ಮಾತ್ರೆಯಾದರೆ ಲೇಪನ ಕೆರೆದು ತೆಗೆಯಿರಿ.

ಮೆಡಿಕಲ್ ಶಾಪಿನ ಹುಡುಗ ಆ ಭಾನುವಾರ ಮನೆಗೆ ಹೋಗಿ, ಅಂಗಡಿಯ ಹಿಂಬದಿ ಕಿಟಕಿಗೆ ತಾಗಿದ್ದ ರ‍್ಯಾಕನ್ನು ಅಪ್ಪನ ಜೊತೆ ಸೇರಿ ಒಳಗೋಡೆಗೆ ಸರಿಸಿದನಂತೆ. "ಅಪ್ಪ ಮೊದಲು ಬೈದರು. ಬಾಟಲಿ ಮೂಸಿಸಿದೆ, ಸುಮ್ಮನಾದರು" ಅಂದ.

ಸೆಮಿಸ್ಟರಿನ ಕೊನೆಯ ವಾರ ನಾನು ತರಗತಿಗೆ ಹೋದಾಗ ಮೇಜಿನ ಮೇಲೆ ಎರಡು ಬಾಟಲಿ ಇದ್ದವು. ಸೊರಬ ಕಡೆಯ ಹುಡುಗ ತಂದದ್ದು. ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಎಣ್ಣೆ. ಒಂದು ಮೊದಲು ಕೊಡುತ್ತಿದ್ದ ಡಿಎಂಪಿ, ಅಂದರೆ ಡೈಮಿಥೈಲ್ ಥ್ಯಾಲೇಟ್. ಇನ್ನೊಂದು ಈಚಿನ ಡೆಪಾ, ಅಂದರೆ ಡೈಈಥೈಲ್ ಫಿನೈಲ್ ಅಸಿಟಮೈಡ್. ಒಂದು ಎಸ್ಟರ್, ಒಂದು ಅಮೈಡ್. ಬೋರ್ಡಿನ ಮೇಲೆ ಹೊಸನಗರದ ಹುಡುಗಿಯ ಅಕ್ಷರದಲ್ಲಿ ಎರಡೂ ರಚನೆಗಳಿದ್ದವು. ಪ್ರತಿ ಕಾರ್ಬನ್‌ಗೂ ನಾಲ್ಕೇ ಬಂಧ. ಕೆಳಗೆ ಒಂದು ಪ್ರಶ್ನೆ: "ಬೆವರಿನಲ್ಲಿ ಯಾವುದು ಬೇಗ ಹಾಳಾಗುತ್ತೆ? ಹಾಳಾಗೋದೋ, ಆರಿ ಹೋಗೋದೋ?"

ಬಿಸ್ಕತ್ ಡಬ್ಬಿ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. ಜಿಪ್ಯಾಟ್ ಹುಡುಗಿ ನನ್ನ ಕೈಗೂ ಒಂದು ಚೀಟಿ ಕೊಟ್ಟು, "ಮೇಡಂ, ಹೆಸರು ಬೇಡ, ಕಾರಣ ಬೇಕು" ಅಂದಳು. ಹಿಂದಿನ ಬೆಂಚಿಗೆ ಹೋಗಿ ಕೂತು ಬರೆಯತೊಡಗಿದೆ.